ಒಂಬತ್ತನೆಯ ಬ್ಯಾಟರಿ

ನಮ್ಮತ್ತೆಯ ಬಟ್ಟೆಗಳಿಗೆ ಹಾಕಿದಷ್ಟು ತೇಪೆಯನ್ನು ನಾನು ಬೇರೆ ಯಾರ ಬಟ್ಟೆಗೂ ಹಾಕಿದವಳಲ್ಲ. ನಾನು ದರ್ಜಿ, ಅವಳು ಬ್ಯಾಟರಿ ಅಂಗಡಿಯವಳು. ಬಟ್ಟೆಯ ಮೇಲೆ ಆಸಿಡ್ ಬಿದ್ದ ದಿನ ಏನೂ ಗೊತ್ತಾಗುವುದಿಲ್ಲ. ಒಗೆದು ಒಣಗಿಸಿದ ದಿನ ಅಲ್ಲೊಂದು ತೂತು ಇರುತ್ತದೆ. ಹೊಸ ಅಂಗಿ ತೊಟ್ಟು ತಿಂಗಳು ತುಂಬುವುದರೊಳಗೆ ಅದು ಜರಡಿಯಾಗಿರುತ್ತಿತ್ತು. "ಇರ್ಲಿ ಬಿಡು, ಗಾಳಿ ಆಡುತ್ತೆ" ಎಂದು ಬಟ್ಟೆಯ ಗಂಟನ್ನು ನನ್ನ ಮೇಜಿನ ಮೇಲೆ ಎಸೆದು ಹೋಗುತ್ತಿದ್ದಳು. ಹೊಲಿದು ಹೊಲಿದು ರೋಸಿಹೋಗಿ, ಒಮ್ಮೆ ಅವಳ ಮೇಲಂಗಿಗೆ ಬೇಕೆಂದೇ ಕಡುಗೆಂಪು ತೇಪೆ ಹಾಕಿಕೊಟ್ಟೆ. ಅವಳಿಗೆ ಅದೇ ಇಷ್ಟವಾಗಿಬಿಟ್ಟಿತು. ಇನ್ನು ಮೇಲೆ ಎಲ್ಲದಕ್ಕೂ ಕೆಂಪೇ ಇರಲಿ ಎಂದಳು. ನನ್ನ ಸಿಟ್ಟು ಅವಳ ಮುಂದೆ ಯಾವತ್ತೂ ದಡ ಮುಟ್ಟಿದ್ದಿಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಅವಳ ಅಂಗಡಿ ನನ್ನ ಅಂಗಡಿಯ ಎದುರಿಗೇ, ರಸ್ತೆಯ ಆಚೆ ಬದಿಗೆ. ತಗಡಿನ ಮಾಡು, ಮರದ ಹಲಗೆಗಳ ಮೇಲೆ ಸಾಲಾಗಿ ಕೂತ ಬ್ಯಾಟರಿಗಳು, ಅವುಗಳ ಕಿವಿ ಹಿಡಿದ ಕೆಂಪು ಕಪ್ಪು ಕ್ಲಿಪ್ಪುಗಳು, ಮೂಲೆಯಲ್ಲಿ ಗುಂಯ್‌ಗುಡುವ ಚಾರ್ಜರ್. ಚಾರ್ಜ್ ತುಂಬುತ್ತಾ ಬಂದ ಬ್ಯಾಟರಿ ಒಳಗೊಳಗೇ ಗುಳುಗುಳು ಎನ್ನುತ್ತದೆ. ಅತ್ತೆ ತಿರುಗಿಯೂ ನೋಡದೆ, "ಆ ಮೂಲೇದು ಆಯ್ತು, ಪಕ್ಕದ್ದಕ್ಕೆ ಇನ್ನೊಂದು ಗಂಟೆ ಬೇಕು" ಎನ್ನುತ್ತಿದ್ದಳು. ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಗೋಡೆಯ ಮೇಲೆ ಅವಳೇ ಕುಂಚ ಹಿಡಿದು ದಪ್ಪಕ್ಷರದಲ್ಲಿ ಬರೆದ ಒಂದು ಸಾಲಿತ್ತು: "ದೋಣಿಯ ಬ್ಯಾಟರಿ ತೆಗೆದುಕೊಳ್ಳುವುದಿಲ್ಲ." ಊರಿನ ಒಂದು ಮಗ್ಗುಲಿಗೆ ಇಡೀ ಸರೋವರ ಇಟ್ಟುಕೊಂಡು ಹೀಗೆ ಬರೆಯುವುದೆಂದರೆ ಅರ್ಧ ಗಿರಾಕಿಗಳನ್ನು ಬಾಗಿಲಲ್ಲೇ ವಾಪಸ್ಸು ಕಳಿಸಿದಂತೆ. ಆದರೆ ಆ ಸಾಲಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಯಾಕೆಂದರೆ ಆ ಸಾಲಿನ ಕಾರಣ ದಿನಾ ನಮ್ಮ ಜೊತೆಯಲ್ಲೇ ಊಟಕ್ಕೆ ಕೂರುತ್ತಿತ್ತು. ನಮ್ಮಪ್ಪ ಒಂದು ಕಾಲದಲ್ಲಿ ಸರೋವರದಲ್ಲಿ ಜನರನ್ನು ದಾಟಿಸುವ ಮೋಟಾರು ದೋಣಿ ನಡೆಸುತ್ತಿದ್ದ. ಮೋಟಾರು ಓಡುತ್ತಿದ್ದದ್ದು ಎರಡು ಬ್ಯಾಟರಿಯಿಂದ. ಒಂದು ಕೆಟ್ಟಿತು. ಆಗಷ್ಟೇ ಅಂಗಡಿ ಹಾಕಿದ್ದ ಅತ್ತೆ, ಕೆಟ್ಟದ್ದನ್ನು ತೆಗೆದು ಆ ಜಾಗಕ್ಕೆ ಹೊಸದು ಹಾಕಿದಳು. ಹಳೆಯದರ ಪಕ್ಕ ಹೊಸದು. ಅಂಗಡಿಯಲ್ಲಿ ಹಚ್ಚಿ ನೋಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಆದರೆ ಜೋಡಿಯಲ್ಲಿ ಒಂದು ಸುಸ್ತಾದರೆ ಚೆನ್ನಾಗಿರುವುದೇ ಅದರ ಕತ್ತು ಹಿಸುಕುತ್ತದೆ. ಹಳೆಯದು ನಡುನೀರಿನಲ್ಲಿ ಕೈಕೊಟ್ಟಿತು, ಮೋಟಾರು ನಿಂತಿತು, ಗಾಳಿ ದೋಣಿಯನ್ನು ಸೇತುವೆಯ ಕಂಬದತ್ತ ನೂಕಿತು. ದೋಣಿ ಗುದ್ದದಿರಲಿ ಎಂದು ಅಪ್ಪ ಕೈ ಅಡ್ಡ ಕೊಟ್ಟ. ಜನರಿಗೆ ಏನೂ ಆಗಲಿಲ್ಲ. ಅಪ್ಪನ ಎಡಗೈಯ ಎರಡು ಬೆರಳು ಹೋದವು. ಅಪ್ಪ ಅದನ್ನು ತಮಾಷೆಯಾಗಿಯೇ ತೆಗೆದುಕೊಂಡು, "ಎಂಟರ ತನಕ ಎಣಿಸೋಕೆ ಬಂದ್ರೆ ಸಾಕಲ್ವಾ" ಎನ್ನುತ್ತಿದ್ದ. ಅತ್ತೆ ನಗುತ್ತಿರಲಿಲ್ಲ. ಮೂವತ್ತೆರಡು ವರ್ಷ ಒಂದೇ ಮನೆಯಲ್ಲಿ ಅಣ್ಣನ ಎದುರು ಕೂತು ಉಂಡವಳು ಒಂದು ಸಲವೂ ಆ ಕೈಯನ್ನು ನೇರವಾಗಿ ನೋಡಿದ್ದನ್ನು ನಾನು ಕಂಡಿಲ್ಲ.

ಅವತ್ತಿನಿಂದ ಅವಳಿಗೊಂದು ಪದ್ಧತಿ ಬಂತು. ಯಾವ ಗಾಡಿಗೆ ಬ್ಯಾಟರಿ ಹಾಕಿದರೂ ಮೊದಲ ಸುತ್ತು ಅವಳೇ ಹೋಗಬೇಕು. ಲಾರಿಯಲ್ಲಿ ಹೋಗಿದ್ದಾಳೆ, ಟ್ರ್ಯಾಕ್ಟರಿನಲ್ಲಿ ಹೋಗಿದ್ದಾಳೆ, ಆಸ್ಪತ್ರೆಯ ಉದ್ದದ ಹಜಾರದಲ್ಲಿ ನೆಲ ಒರೆಸುವ ಯಂತ್ರದ ಮೇಲೆ ಕೂತು ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೋದ ಹಾಗೆ ಹೋಗಿದ್ದಾಳೆ. "ಮಾತು ಕೊಟ್ಟವಳು ಮೊದಲು ಕೂರಬೇಕು" ಎನ್ನುವುದು ಅವಳ ವಾದ. ದೋಣಿ ಮಾತ್ರ ಹತ್ತುತ್ತಿರಲಿಲ್ಲ, ಅದಕ್ಕೇ ದೋಣಿಗೆ ಬ್ಯಾಟರಿಯನ್ನೂ ಕೊಡುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಹಲ್ಲು ಡಾಕ್ಟರು ಬಂದರು. ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಕಡ್ಡಿಯಂಥ ಮನುಷ್ಯ, ಊರಿನಲ್ಲಿ ಅವರೆದುರು ಬಾಯಿ ತೆರೆಯದವರಿಲ್ಲ. ನಾನು ಆಗ ಅತ್ತೆಗೆ ಅಂಗಿ ಕೊಡಲು ಹೋಗಿದ್ದೆ.

"ಎಂಟು ದೊಡ್ಡ ಬ್ಯಾಟರಿ ಬೇಕಮ್ಮ. ಲಾರಿಗೆ ಹಾಕ್ತಾರಲ್ಲ, ಅಂಥವೇ ಆಗ್ಲಿ."

"ಯಾವ ಗಾಡಿಗೆ?"

"ಗಾಡಿ ಅಲ್ಲ."

ಅತ್ತೆ ಗೋಡೆಯ ಕಡೆ ಕೈ ತೋರಿಸಿದಳು. "ಓದ್ಕೊಳ್ಳಿ ಡಾಕ್ಟ್ರೇ. ನೀರಿನ ಮೇಲೆ ಓಡೋದಕ್ಕೆ ನಾನು ಕೊಡಲ್ಲ."

"ಇದು ನೀರಿನ ಮೇಲೆ ಓಡಲ್ಲಮ್ಮ. ಕೆಳಗೆ ಓಡುತ್ತೆ."

ಅತ್ತೆಯ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಸಿಟ್ಟು ಬರುತ್ತದೆ ಎಂದುಕೊಂಡೆ. ಬಂದದ್ದು ಕುತೂಹಲ. "ಕೆಳಗಾ?" ಎಂದಳು. ಆಮೇಲೆ ಅವರಿಗೊಂದು ಸ್ಟೂಲು ಎಳೆದುಕೊಟ್ಟಳು. ಅಲ್ಲಿಗೆ ಕೆಲಸ ಕೆಟ್ಟಿತು ಎಂದು ನನಗೆ ಗೊತ್ತಾಯಿತು. ಅತ್ತೆಗೆ ಏನಾದರೂ ಹೇಗೆ ನಡೆಯುತ್ತದೆ ಎಂಬ ಹುಳ ತಲೆಗೆ ಹೊಕ್ಕರೆ ಅದು ಹೊರಗೆ ಬರುವ ತನಕ ಊಟ ರುಚಿಸುವುದಿಲ್ಲ.

ಡಾಕ್ಟರು ತಮ್ಮ ಹಿತ್ತಲಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ಒಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿ ಕಟ್ಟುತ್ತಿದ್ದರಂತೆ. ಊರಾಚೆ ಕಲ್ಲು ತೆಗೆದು ಬಿಟ್ಟ ಕ್ವಾರಿಯಲ್ಲಿ ನೀರು ತುಂಬಿದೆಯಲ್ಲ, ಅದರೊಳಗೆ ಇಳಿದು ನೋಡಬೇಕಂತೆ. "ನಲವತ್ತು ವರ್ಷ ದೀಪ ಹಿಡ್ಕೊಂಡು ಒದ್ದೆ ಕತ್ತಲಲ್ಲಿ ಸಣ್ಣ ಸಣ್ಣ ಗುಳಿ ನೋಡಿದ್ದೇ ಆಯ್ತು. ಒಂದು ದೊಡ್ಡ ಗುಳಿ ನೋಡೋಣ ಅಂತ" ಎಂದರು. ಇಷ್ಟಕ್ಕೆ ಎರಡು ವರ್ಷವೇ ಎಂದು ನಾನು ಮನಸ್ಸಿನಲ್ಲೇ ಬೈದೆ. ಅತ್ತೆಗೆ ಮಾತ್ರ ಇದಕ್ಕಿಂತ ದೊಡ್ಡ ಕಾರಣ ಬೇಕೆನಿಸಲಿಲ್ಲ.

ಮರುದಿನವೇ ನನ್ನನ್ನೂ ಎಳೆದುಕೊಂಡು ಶೆಡ್ಡಿಗೆ ಹೋದಳು. ಉಕ್ಕಿನ ದಪ್ಪ ಪೀಪಾಯಿಯಂಥದ್ದು, ಮೇಲೆ ಗಾಜಿನ ಬುರುಡೆ, ಹಿಂದೆ ಎರಡು ಪಂಖ, ಮುಂದೆ ಒಂದು ದೊಡ್ಡ ದೀಪ. ಖಾಲಿ ಇದ್ದಾಗಲೇ ಕಲ್ಲು ಹೇರಿ, ಹಗ್ಗ ಕಟ್ಟಿ ಕ್ವಾರಿಯಲ್ಲಿ ಹದಿನೈದು ಸಲ ಮುಳುಗಿಸಿ ಎತ್ತಿ, ಒಂದು ಹನಿ ಸೋರಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದರು. ಅತ್ತೆ ಸುತ್ತ ಎರಡು ಸುತ್ತು ಹಾಕಿ ಕೇಳಿದಳು.

"ಬ್ಯಾಟರಿ ಎಲ್ಲಿ ಇಡ್ತೀರಾ?"

"ಸೀಟಿನ ಕೆಳಗೆ."

"ಚಾರ್ಜ್ ಆಗಿರೋ ಬ್ಯಾಟರಿ ಗಾಳಿ ಬಿಡುತ್ತೆ. ಆ ಗಾಳಿಗೆ ಒಂದು ಕಿಡಿ ತಾಗಿದ್ರೆ ಢಂ. ಮುಚ್ಚಿದ ಡಬ್ಬಿಯೊಳಗೆ ಅದರ ಮೇಲೇ ಕೂತ್ಕೊಂಡು ಸ್ವಿಚ್ ಹಾಕ್ತೀರಾ?"

ಡಾಕ್ಟರು ತಮ್ಮ ಸೀಟನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆ ತಿಂಗಳೆಲ್ಲ ವೆಲ್ಡಿಂಗ್ ನಡೆಯಿತು. ಎರಡೂ ಪಕ್ಕೆಗೆ ಒಂದೊಂದು ದಪ್ಪ ಕಬ್ಬಿಣದ ಕೊಳವೆ, ರಬ್ಬರಿನ ಉಂಗುರ ಇಟ್ಟು ಬೋಲ್ಟು ಬಿಗಿಯುವ ಮುಚ್ಚಳ. ಒಂದೊಂದರಲ್ಲಿ ನಾಲ್ಕು ಬ್ಯಾಟರಿ. ಮನುಷ್ಯನಿಗೂ ಬ್ಯಾಟರಿಗೂ ನಡುವೆ ಉಕ್ಕಿನ ಗೋಡೆ.

ಇನ್ನು ಎಂಥ ಬ್ಯಾಟರಿ ಎನ್ನುವುದು. ಲಾರಿಯದು ಬೇಡವೇ ಬೇಡ ಎಂದಳು. ಇಂಜಿನ್ನು ಎಬ್ಬಿಸಲು ಅದು ಒಂದೇ ಉಸಿರಿಗೆ ಜೋರು ತೋರಿಸುತ್ತದೆ, ಗಂಟೆಗಟ್ಟಲೆ ಎಳೆ ಎಂದರೆ ಕೂತುಬಿಡುತ್ತದೆ. ನೆಲ ಒರೆಸುವ ಯಂತ್ರಕ್ಕೆ ಹಾಕುವ ಆರು ವೋಲ್ಟಿನದು ಆಗಬೇಕು. ಅದು ಸದ್ದಿಲ್ಲದೆ ಇಡೀ ದಿನ ದುಡಿಯುವ ಜಾತಿ. ಡಾಕ್ಟರ ಅಳಿಯ ಮೊಬೈಲ್ ಫೋನಿನಲ್ಲಿರುವಂಥ ಹಗುರ ಲಿಥಿಯಂ ಬ್ಯಾಟರಿಯೇ ಒಳ್ಳೆಯದು ಎಂದಿದ್ದನಂತೆ. ಅತ್ತೆ ತಲೆಯಾಡಿಸಿದಳು.

"ಒಳ್ಳೇದೇ. ಆದ್ರೆ ಅದರ ಚಾಳಿ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಮಾತು ಕೊಡಲ್ಲ. ಇದು ಎಷ್ಟು ಭಾರ ಗೊತ್ತಾ? ಒಂದೊಂದೂ ಮೂವತ್ತು ಕಿಲೋ."

"ಭಾರ ಆದಷ್ಟೂ ಒಳ್ಳೇದಮ್ಮ. ಇಲ್ದಿದ್ರೆ ಇದು ಮುಳುಗೋದೇ ಇಲ್ಲ. ಹಗುರದ್ದು ಹಾಕಿದ್ರೆ ಮೇಲಿಂದ ಮತ್ತೆ ಸೀಸ ಹೊರಿಸ್ಬೇಕು."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಮೂವತ್ತು ವರ್ಷದಿಂದ ಭಾರ ಭಾರ ಅಂತ ಬೈಸ್ಕೊಂಡೆ. ಭಾರವೇ ಬೇಕು ಅನ್ನೋ ಗಿರಾಕಿ ಇವತ್ತು ಸಿಕ್ಕಿದ್ರು ನೋಡು!"

ಎಲ್ಲವೂ ಒಂದೇ ಕಂಪನಿಯದು, ಒಂದೇ ತಿಂಗಳು ಹುಟ್ಟಿದ್ದು ಆಗಬೇಕೆಂದು ಹುಡುಕಿ ತರಿಸಿದಳು. ಬಂದದ್ದು ಎಂಟಲ್ಲ, ಒಂಬತ್ತು. ಎಂಟನ್ನು ಶೆಡ್ಡಿಗೆ ಕಳಿಸಿ ಒಂದನ್ನು ತನ್ನ ಅಂಗಡಿಯ ಬಾಗಿಲ ಬಳಿ ಇಟ್ಟುಕೊಂಡಳು. ಆಗಾಗ ಯಾವುದಾದರೂ ಬ್ಯಾಟರಿಗೆ ಮಾಡುತ್ತಿದ್ದಂತೆ ಅದಕ್ಕೂ ಒಂದು ಹಳೇ ಬಲ್ಬು ಸಿಕ್ಕಿಸಿದಳು. ಮಟಮಟ ಮಧ್ಯಾಹ್ನ ಆ ಬಲ್ಬು ಉರಿಯುತ್ತಾ ಕೂತಿರುತ್ತಿತ್ತು. ನನಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಅತ್ತೆ, ಸೂರ್ಯ ಕಾಣ್ತಿಲ್ವಾ ನಿಂಗೆ?"

"ಉರೀಲಿ. ಅದೂ ದುಡೀಲಿ."

ಅಷ್ಟೇ ಹೇಳಿದಳು. ಇದೊಂದು ಅವಳ ಹಳೇ ಹುಚ್ಚು ಎಂದು ಸುಮ್ಮನಾದೆ.

ಆಮೇಲಿನ ದಿನಗಳು ಪರೀಕ್ಷೆಯವು. ಎಂಟು ಬ್ಯಾಟರಿ, ಒಂದೊಂದಕ್ಕೆ ಮೂರು ಸೆಲ್, ಒಟ್ಟು ಇಪ್ಪತ್ತನಾಲ್ಕು ಬಾಯಿ. ಗಾಜಿನ ಕೊಳವೆಯನ್ನು ಒಂದೊಂದರೊಳಗೂ ಇಳಿಸಿ ಆಸಿಡ್ ಹೀರಿ, ಒಳಗೆ ತೇಲುವ ಕಡ್ಡಿ ಎಷ್ಟರ ಗೆರೆಗೆ ನಿಂತಿತೆಂದು ನೋಡುವುದಕ್ಕೆ ಗ್ರಾವಿಟಿ ನೋಡುವುದು ಎನ್ನುತ್ತಾರೆ. ಇಪ್ಪತ್ತನಾಲ್ಕೂ ಒಂದೇ ಗೆರೆಗೆ ಬರಬೇಕು. ನಿಧಾನ ಚಾರ್ಜ್ ಮಾಡುವುದು, ಗುಳುಗುಳು ಶುರುವಾದ ಮೇಲೆ ಇನ್ನೂ ನಿಧಾನ ಮಾಡುವುದು, ಆಮೇಲೆ ಲೈಟು ಪಂಖ ಹಚ್ಚಿ ಖಾಲಿ ಮಾಡುವುದು, ಮತ್ತೆ ತುಂಬುವುದು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಯೋಚನೆ ಬಂತು: ಕ್ವಾರಿಯ ತಳದ ನೀರು ಎಷ್ಟು ತಣ್ಣಗಿದೆ? ದಾರಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಸಿದೆವು. ಅಂಗಡಿಗೆ ಬಂದು ಒಂಬತ್ತನೆಯ ಬ್ಯಾಟರಿಯನ್ನು ಟಬ್ಬಿನಲ್ಲಿ ಕೂರಿಸಿ ಸುತ್ತ ಐಸು ಸುರಿದು ಅಷ್ಟೇ ತಣ್ಣಗೆ ಮಾಡಿ ನೋಡಿದಳು. ಶೆಡ್ಡಿನ ಸೆಕೆಯಲ್ಲಿ ಮೂರು ಗಂಟೆ ಎಳೆದ ಕೆಲಸವನ್ನು ಅದು ತಣ್ಣೀರಿನಲ್ಲಿ ಎರಡೂವರೆ ಗಂಟೆಗೆ ಕೈಬಿಟ್ಟಿತು. "ಅಂದ್ರೆ ಒಂದೂಕಾಲು ಗಂಟೆ ಅಂತ ಲೆಕ್ಕ" ಎಂದಳು ಅತ್ತೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು ಎನ್ನುವುದು ಅವಳ ಇನ್ನೊಂದು ಹಟ.

ಡಾಕ್ಟರ ಹೆಂಡತಿ ಇದನ್ನೆಲ್ಲ ಅಡುಗೆಮನೆ ಕಿಟಕಿಯಿಂದ ನೋಡುತ್ತಲೇ ಇದ್ದರು. ಒಂದು ದಿನ ಹೊರಗೆ ಬಂದು ಅತ್ತೆಯ ಎದುರು ನಿಂತರು.

"ಅಕ್ಕಾ, ನನಗೆ ವೋಲ್ಟು ಗೀಲ್ಟು ಅರ್ಥ ಆಗಲ್ಲ. ಒಂದೇ ಕೇಳ್ತೀನಿ. ಕೆಳಗಡೆ ಬ್ಯಾಟರಿ ಸತ್ರೆ?"

ಅತ್ತೆ ಸುಳ್ಳು ಹೇಳುವವಳಲ್ಲ. "ಬಿಟ್ಟ ಉಸಿರನ್ನ ತೊಳೆಯೋ ಫ್ಯಾನ್ ಒಂದಿದೆ, ಅದು ನಿಲ್ಲುತ್ತೆ. ಕೈಯಿಂದ ಭಾರ ಬೀಳಿಸಿ ಮೇಲೆ ಬರೋ ದಾರಿ ಇದೆ. ಆದ್ರೆ ಯಾವ್ದಾದ್ರೂ ಬಂಡೆ ಕೆಳಗೆ ಸೇರ್ಕೊಂಡಿದ್ರೆ ಪಂಖ ತಿರುಗಲೇಬೇಕು."

"ಹಾಗಾದ್ರೆ ನೀವು ಹೂಂ ಅಂದ್ರೆ ಮಾತ್ರ ಇವರು ಇಳೀಲಿ. ನೀವು ಬೇಡ ಅಂದ್ರೆ ಬೇಡ. ನಂಗೆ ಇರೋದು ಒಬ್ರೇ ಅವರು."

ಅತ್ತೆ ಗಾಜಿನ ಕೊಳವೆ ಎತ್ತಿಕೊಂಡು ಮೊದಲನೇ ಸೆಲ್ಲಿನಿಂದ ಮತ್ತೆ ಗ್ರಾವಿಟಿ ನೋಡಲು ಶುರು ಮಾಡಿದಳು. ಆ ಹೆಂಗಸು ಕೇಳಿದ್ದು ಏನೆಂದು ನನಗೂ ಗೊತ್ತಿತ್ತು: ಮೂವತ್ತೆರಡು ವರ್ಷದ ಹಿಂದೆ ನೀರಿನ ವಿಷಯಕ್ಕೆ ಕೊಟ್ಟು ತಪ್ಪಿದ ಮಾತನ್ನು ಮತ್ತೊಮ್ಮೆ ಕೊಡು ಎಂದು.

ಮನುಷ್ಯರು ಒಳಗೆ ಕೂತು ಇಳಿಯುವುದಕ್ಕೆ ಕ್ವಾರಿಯ ಯಜಮಾನ ಭಾನುವಾರ ಒಂದು ದಿನ ಗೇಟು ತೆಗೆಯಲು ಒಪ್ಪಿದ. ಆ ವಾರ ಗುರುವಾರ ಬೆಳಗ್ಗೆ ಅತ್ತೆ, ನಾನು ಶೆಡ್ಡಿಗೆ ಹೋದೆವು. ಹಿಂದಿನ ದಿನವೇ ಚಾರ್ಜಿಗೆ ಹಾಕಿದ್ದರಿಂದ ಆ ಹೊತ್ತಿಗೆ ತುಂಬುತ್ತಾ ಬಂದಿರಬೇಕಿತ್ತು. ಬಾಗಿಲಲ್ಲೇ ಅತ್ತೆ ನಿಂತುಬಿಟ್ಟಳು.

"ಯಾಕೆ ಮಾತಾಡ್ತಿಲ್ಲ ಇವು?"

ಕಿವಿಗೊಟ್ಟೆ. ಚಾರ್ಜರಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಗುಳುಗುಳು ಇಲ್ಲ. ಅತ್ತೆ ಒಂದು ಕೈಯಲ್ಲಿ ನನ್ನನ್ನು ಹಿಂದಕ್ಕೆ ನೂಕಿ, ಕ್ಲಿಪ್ಪು ಮುಟ್ಟದೆ, ಗೋಡೆಯಾಚೆ ಹೋಗಿ ಮೇನ್ ಸ್ವಿಚ್ಚು ಆರಿಸಿದಳು. ಬಾಗಿಲು ಕಿಟಕಿ ಎಲ್ಲ ತೆರೆಸಿ, ಎಲ್ಲರನ್ನೂ ಹೊರಗೆ ನಿಲ್ಲಿಸಿದಳು. ಅರ್ಧ ಗಂಟೆಯಾದ ಮೇಲೆ ಒಬ್ಬಳೇ ಒಳಗೆ ಹೋಗಿ, ಒದ್ದೆ ಬಟ್ಟೆ ಮುಚ್ಚಿ ಒಂದು ಸೆಲ್ಲಿನ ಬಾಯಿಯ ಬಿರಡೆ ತಿರುವಿದಳು. ಪುಸ್ಸೆಂದು ಸದ್ದು ಬಂತು. ಬ್ಯಾಟರಿಗಳ ಪಕ್ಕೆಗಳು ತುಂಬಿದ ಕೆನ್ನೆಯಂತೆ ಉಬ್ಬಿದ್ದವು.

ಪ್ರತಿ ಬಿರಡೆಯ ನೆತ್ತಿಯಲ್ಲೂ ಗಾಳಿ ಹೋಗಲೆಂದು ಸೂಜಿಯಷ್ಟು ತೂತು ಇರುತ್ತದೆ. ಇಪ್ಪತ್ತನಾಲ್ಕು ಬಿರಡೆಯ ಇಪ್ಪತ್ತನಾಲ್ಕು ತೂತನ್ನೂ ಯಾರೋ ಬಿಳಿ ಗಾರೆಯಿಂದ ಮುಚ್ಚಿದ್ದರು. ಎಷ್ಟು ಚೆಂದ, ಎಷ್ಟು ನುಣುಪು ಎಂದರೆ ಉಗುರಿಗೆ ಸಿಕ್ಕುತ್ತಿರಲಿಲ್ಲ. ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಬಾಯಲ್ಲೂ ಅದೇ ಗಾರೆ ತುಂಬಿದ ಎರಡು ಹಲ್ಲುಗಳಿವೆ.

ಡಾಕ್ಟರು ಬಿಳಿಚಿಕೊಂಡಿದ್ದರು. "ವಾಲಿದ್ರೆ ಆಸಿಡ್ ಚೆಲ್ಲುತ್ತೆ ಅಂತ... ಸಣ್ಣ ಸಣ್ಣ ತೂತು ಕಾಣಿಸ್ತು..."

"ತೂತು ಕಂಡ್ರೆ ಮುಚ್ಚೋದೇನಾ ನಿಮಗೆ?" ಅತ್ತೆಯ ದನಿ ಬೀದಿಗೆ ಕೇಳಿಸಿತು. "ಎಲ್ಲಾ ತೂತೂ ರೋಗ ಅಲ್ಲ ಡಾಕ್ಟ್ರೇ! ನಿಮ್ಮ ಮೂಗಿಗೂ ಎರಡಿದೆ, ಮುಚ್ಚಿ ನೋಡ್ಕೊಳ್ಳಿ!"

ಡಾಕ್ಟರ ಹೆಂಡತಿ ಅತ್ತರು. ಡಾಕ್ಟರು ಬೈಗುಳವನ್ನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಸಂಜೆಯವರೆಗೆ ಕೂತು ತಮ್ಮದೇ ಹಳೇ ಡ್ರಿಲ್ಲಿನಿಂದ ಇಪ್ಪತ್ತನಾಲ್ಕು ತೂತನ್ನೂ ತಾವೇ ಬಿಡಿಸಿದರು. ಉಬ್ಬು ಇಳಿಯಿತು. ಶುಕ್ರವಾರ ಮತ್ತೆ ಖಾಲಿ ಮಾಡಿ ತುಂಬಿ ಅತ್ತೆ ಗ್ರಾವಿಟಿ ನೋಡಿದಳು. ಇಪ್ಪತ್ತಮೂರು ಸೆಲ್ ಒಂದೇ ಗೆರೆಗೆ ನಿಂತವು. ಬಲಗಡೆಯ ಮೂರನೇ ಬ್ಯಾಟರಿಯ ನಡುವಿನ ಸೆಲ್ ಮಾತ್ರ ಕೆಳಗೇ ಉಳಿಯಿತು. ಎರಡನೇ ಸಲ ನೋಡಿದರೂ ಕೆಳಗೇ ಇತ್ತು.

"ಒಂದು ತಾನೇ?" ಎಂದರು ಡಾಕ್ಟರು, ಮೆಲ್ಲಗೆ. "ಅದೊಂದನ್ನ ಕಿತ್ತು ಹೊಸದು ಹಾಕಿದ್ರೆ ಆಯ್ತಲ್ವಾ?"

ನಾನು ಅತ್ತೆಯ ಮುಖ ನೋಡಲಾರದೆ ನೆಲ ನೋಡಿದೆ. ಹಿಂದೊಮ್ಮೆ ಅವಳು ತನಗೆ ತಾನೇ ಹೇಳಿಕೊಂಡಿದ್ದ ಮಾತು ಅದೇ ಇರಬೇಕು. ಅವಳು ಗಾಜಿನ ಕೊಳವೆಯನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು, "ನಡಿ" ಎಂದು ನನ್ನನ್ನು ಕರೆದುಕೊಂಡು ಹೊರಟಳು.

ಹೋದದ್ದು ಅಂಗಡಿಗೆ. ಬಾಗಿಲ ಬಳಿ ಹಗಲಿನಲ್ಲಿ ಬಲ್ಬು ಉರಿಸುತ್ತಾ ಕೂತಿದ್ದ ಒಂಬತ್ತನೆಯ ಬ್ಯಾಟರಿಯ ಮುಂದೆ ಮಂಡಿಯೂರಿದಳು. ಆಗ ನನಗೆ ಹೊಳೆಯಿತು. ಶೆಡ್ಡಿನ ಎಂಟು ಬ್ಯಾಟರಿ ಎಷ್ಟು ಸಲ ತುಂಬಿ ಖಾಲಿಯಾದವೋ ಇದನ್ನೂ ಅಷ್ಟೇ ಸಲ, ಅಷ್ಟೇ ಹೊತ್ತು ತುಂಬಿ ಖಾಲಿ ಮಾಡಿದ್ದಳು. ಅವುಗಳ ಜೊತೆ ಹುಟ್ಟಿದ್ದು, ಅವುಗಳಷ್ಟೇ ದುಡಿದದ್ದು, ಅವುಗಳಷ್ಟೇ ಹಳತಾದದ್ದು. ಅಪ್ಪನ ಬೆರಳು ಹೋದಾಗಿನಿಂದ ಅವಳು ಪ್ರತಿ ಜೋಡಿಗೂ ಹೀಗೆ ಒಂದನ್ನು ಹೆಚ್ಚಿಗೆ ಸಾಕುತ್ತಾ ಬಂದಿದ್ದಳಂತೆ. ಇಷ್ಟು ವರ್ಷ ಎದುರು ಅಂಗಡಿಯಲ್ಲಿ ಕೂತೂ ನಾನು ಅದನ್ನು ಬರೀ ಬಲ್ಬು ಎಂದುಕೊಂಡಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅದರ ಮೂರು ಸೆಲ್ಲನ್ನೂ ನೋಡಿದಳು. ಮೂರೂ ಅದೇ ಗೆರೆಗೆ ನಿಂತವು. ಅದನ್ನು ಶೆಡ್ಡಿಗೆ ಒಯ್ದು ಬಲಗಡೆಯ ಮೂರನೆಯದರ ಜಾಗದಲ್ಲಿ ಕೂರಿಸಿ ಎಂಟನ್ನೂ ಮತ್ತೆ ಚಾರ್ಜಿಗೆ ಹಾಕಿದಳು.

ಶನಿವಾರ ಬೆಳಗ್ಗೆ ಚಾರ್ಜ್ ಮುಗಿಯಿತು. ಕೂಡಲೇ ಮುಚ್ಚಳ ಬಿಗಿಯಲು ಡಾಕ್ಟರು ಸ್ಪ್ಯಾನರ್ ಹಿಡಿದರು, ಅತ್ತೆ ಕಿತ್ತುಕೊಂಡಳು. ಚಾರ್ಜು ನಿಂತ ಮೇಲೂ ಬ್ಯಾಟರಿ ತುಂಬಾ ಹೊತ್ತು ಗಾಳಿ ಬಿಡುತ್ತಲೇ ಇರುತ್ತದೆ, ಸಂಜೆಯ ತನಕ ತೆರೆದಿಟ್ಟು ಕಾಯಬೇಕು ಎಂದು ತಾನೇ ಕುರ್ಚಿ ಹಾಕಿ ಕಾವಲು ಕೂತಳು. ಸಂಜೆ ಕೊಳವೆಗಳಿಗೆ ಫ್ಯಾನಿನಿಂದ ಗಾಳಿ ಊದಿ, ಮುಚ್ಚಿ, ಬೋಲ್ಟು ಬಿಗಿದು ಹೇಳಿದಳು:

"ನಾಳೆ ಮೊದಲು ನಾನು ಇಳೀತೀನಿ."

ಡಾಕ್ಟರು ಬಾಯಿ ತೆರೆದರು. ಅವರೆದುರು ಊರೆಲ್ಲ ತೆರೆದ ಹಾಗೆಯೇ.

ಮನೆಯಲ್ಲಿ ನಾನು ರಂಪ ಮಾಡಿದೆ. ಅರವತ್ತೊಂದು ವರ್ಷ, ಈಜು ಬರುವುದಿಲ್ಲ, ತಲೆಗೆ ನೀರು ಹಾಕಿಕೊಳ್ಳುವಾಗಲೂ ಕಣ್ಣು ಮುಚ್ಚುವವಳು. "ನಿಂಗೇನು ಹುಚ್ಚಾ?" ಎಂದೆ. ಅಪ್ಪ ಮಾತ್ರ ತಟ್ಟೆಯಿಂದ ತಲೆಯೆತ್ತದೆ ತಂಗಿಯನ್ನು ಕೇಳಿದ:

"ಹಗ್ಗ ಯಾರು ಹಿಡ್ಕೋತಾರೆ ಪುಟ್ಟಿ?"

ಭಾನುವಾರ ಬೆಳಗ್ಗೆ ಅಪ್ಪ ಎಲ್ಲರಿಗಿಂತ ಮೊದಲು ಕ್ವಾರಿಯ ದಡದಲ್ಲಿದ್ದ.

ಮುಳುಗುವ ಯಂತ್ರಕ್ಕೆ ತೂಕ ಕರಾರುವಾಕ್ಕಾಗಿರಬೇಕು, ಕೂರುವವರ ತೂಕವೂ ಸೇರಿ. ಹೆಚ್ಚುಕಮ್ಮಿ ಸರಿದೂಗಿಸಲು ಡಾಕ್ಟರು ಒಳಗೆ ಒಂದಷ್ಟು ಸೀಸದ ತುಂಡು ಇಟ್ಟಿದ್ದರು. ಅತ್ತೆ ತೂಕದ ಯಂತ್ರದ ಮೇಲೆ ನಿಲ್ಲುವಾಗ ಎಲ್ಲರೂ ಆಚೆ ತಿರುಗಬೇಕೆಂದು ಅಪ್ಪಣೆ ಮಾಡಿದಳು. ತಿರುಗಿದೆವು. ಆಮೇಲೆ, "ಇಪ್ಪತ್ತೊಂದು ಕಿಲೋ ಸೀಸ ತೆಗೀರಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಡಾಕ್ಟರ ತೂಕ ಊರಿಗೇ ಗೊತ್ತು. ಕೂಡಿಸುವ ಲೆಕ್ಕ ಎಲ್ಲರಿಗೂ ಬರುತ್ತದೆ.

ಒಪ್ಪಂದ ಹೀಗಿತ್ತು. ಎಂಟು ಮೀಟರ್ ಆಳ, ಒಂದು ಗಂಟೆ. ದೀಪ, ಪಂಖ, ಉಸಿರಿನ ಫ್ಯಾನು ಎಲ್ಲ ಚಾಲೂ. ಐದು ನಿಮಿಷಕ್ಕೊಮ್ಮೆ ಅತ್ತೆ ದೀಪವನ್ನು ಒಂದು ಸಲ ಆರಿಸಿ ಹೊತ್ತಿಸಬೇಕು. ಮಿಣುಕದಿದ್ದರೆ ನಾವು ಹಗ್ಗ ಎಳೆಯಬೇಕು. ಅತ್ತೆ ಕೆಂಪು ತೇಪೆಯ ಮೇಲಂಗಿ ತೊಟ್ಟು, ಗಾಜಿನ ಬುರುಡೆಯೊಳಗೆ ಕೂತು, ಯಾರ ಮುಖವನ್ನೂ ನೋಡದೆ ಕೈಯಾಡಿಸಿದಳು. ನೀರು ಬುರುಡೆಯ ಅಂಚಿಗೆ ಬಂತು, ಮೇಲೆ ಹತ್ತಿತು, ಕೂಡಿಕೊಂಡಿತು. ಆಮೇಲೆ ಕೆಳಗೆ ಹಸಿರುಹಸಿರಾಗಿ ಒಂದು ಬೆಳಕು ಮಾತ್ರ ಉಳಿಯಿತು.

ಐದು ನಿಮಿಷಕ್ಕೆ ಮಿಣುಕಿತು. ಹತ್ತಕ್ಕೆ ಮಿಣುಕಿತು. ಡಾಕ್ಟರ ಹೆಂಡತಿ ಗಡಿಯಾರ ಹಿಡಿದು ಜೋರಾಗಿ ಹೇಳುತ್ತಿದ್ದರು. ಅಪ್ಪ ಎಂಟು ಬೆರಳಿನಲ್ಲಿ ಹಗ್ಗ ಹಿಡಿದು ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ನಲವತ್ತಕ್ಕೂ ಮಿಣುಕಿತು.

ನಲವತ್ತೈದಕ್ಕೆ ಮಿಣುಕಲಿಲ್ಲ.

ನಲವತ್ತಾರು. "ಎಳೀರಿ!" ಎಂದು ಡಾಕ್ಟರ ಹೆಂಡತಿ ಚೀರಿದರು. ನಾನೂ ಹಗ್ಗಕ್ಕೆ ಕೈ ಹಾಕಿದೆ. "ಅಪ್ಪ, ಎಳಿ!" ಎಂದೆ. ಅಪ್ಪ ಮೊಣಕೈಯಿಂದ ನನ್ನನ್ನು ತಡೆದ.

"ಎಳೆದ್ರೆ ವಾಲುತ್ತೆ. ವಾಲಿದ್ರೆ ಆಸಿಡ್ ಚೆಲ್ಲುತ್ತೆ. ದೀಪ ನೋಡು."

"ಮಿಣುಕ್ತಾ ಇಲ್ಲ!"

"ಮಿಣುಕ್ತಿಲ್ಲ. ಆದ್ರೆ ಮಂಕೂ ಆಗಿಲ್ಲ, ನೋಡು. ಇಳಿದಾಗ ಹೇಗಿತ್ತೋ ಹಾಗೇ ಇದೆ. ದೀಪ ಉರೀತಿದೆ ಅಂದ್ರೆ ಫ್ಯಾನ್ ತಿರುಗ್ತಿದೆ. ಫ್ಯಾನ್ ತಿರುಗ್ತಿದೆ ಅಂದ್ರೆ ಉಸಿರಿದೆ. ಅವಳು ಹಾಕಿದ ಬ್ಯಾಟರಿ ಅದು."

ಅವಳ ಬ್ಯಾಟರಿ ನಂಬಿ ಬೆರಳು ಕಳೆದುಕೊಂಡ ಮನುಷ್ಯ, ಅದೇ ಕೈಯಲ್ಲಿ ಹಗ್ಗ ಹಿಡಿದು ಅವಳ ಬ್ಯಾಟರಿಯನ್ನೇ ನಂಬಿ ಕೂತಿದ್ದ. ಅವನು ಹಗ್ಗವನ್ನು ಎಳೆಯಲಿಲ್ಲ. ಮೂರು ಸಲ ಅಲುಗಿಸಿದ, ಬಾಗಿಲು ತಟ್ಟುವ ಹಾಗೆ. ಕಾದೆವು. ಕೆಳಗಿನ ಬೆಳಕು ಆರಿತು, ಹತ್ತಿತು, ಆರಿತು, ಹತ್ತಿತು, ಆರಿತು, ಹತ್ತಿತು. ಬೈಯುತ್ತಿದ್ದಾಳೆ ಎಂದು ನನಗೆ ದಡದಲ್ಲೇ ತಿಳಿಯಿತು. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ.

ಒಂದು ಗಂಟೆ ಪೂರ್ತಿ ಮುಗಿಸಿಯೇ ಮೇಲೆ ಬಂದಳು. ಬುರುಡೆ ತೆರೆದ ಕೂಡಲೇ ತಲೆ ಹೊರಗೆ ಹಾಕಿ "ಯಾರು ಹಗ್ಗ ಅಲ್ಲಾಡಿಸಿದ್ದು?" ಎಂದಳು. "ಇಷ್ಟುದ್ದ ಮೀನು, ದೀಪದ ಹತ್ರ ಬಂದು ನನ್ನನ್ನೇ ನೋಡ್ತಾ ಇತ್ತು. ದೀಪ ಆರಿಸಿದ್ರೆ ಹೋಗ್ಬಿಡುತ್ತೆ ಅಂತ ಬಿಟ್ಟಿದ್ದೆ. ಓಡಿಸಿಬಿಟ್ರಿ!"

ಅವಳಿಗೆ ಏನೆಲ್ಲ ಹೇಳುವುದಿತ್ತು. ಕಲ್ಲಿನ ಗೋಡೆಯ ಮೇಲೆ ಉಳಿಯ ಗೀರುಗಳು ನಿನ್ನೆ ಕಡಿದ ಹಾಗೆ ಇವೆಯಂತೆ. ಕೆಳಗೊಂದು ಏಣಿ ನಿಂತೇ ಇದೆಯಂತೆ. ಸದ್ದೇ ಇಲ್ಲವಂತೆ, ತನ್ನ ಎದೆಯ ಸದ್ದು ಬಿಟ್ಟರೆ. ಡಾಕ್ಟರು ಒಂದೊಂದನ್ನೂ ಎರಡೆರಡು ಸಲ ಕೇಳಿಸಿಕೊಂಡು, ಒಂದು ಕಾಲು ಆಗಲೇ ಯಂತ್ರದೊಳಗೆ ಇಟ್ಟಿದ್ದರು. ಅವರ ಹೆಂಡತಿ ಅತ್ತೆಯ ಮುಖವನ್ನೇ ನೋಡುತ್ತಿದ್ದರು.

"ಹೂಂ ಅಮ್ಮ" ಎಂದಳು ಅತ್ತೆ ಅವರಿಗೆ. "ಇಳೀಲಿ. ಇವತ್ತಲ್ಲ. ತುಂಬಿಸಿ, ಗಾಳಿ ಬಿಡೋಕೆ ಬಿಟ್ಟು, ಆಮೇಲೆ." ಗೇಟಿನ ಬಳಿ ನಿಂತಿದ್ದ ಯಜಮಾನ ಅಷ್ಟರಲ್ಲಿ ಮೀನಿನ ಕತೆ ಕೇಳಲು ಹತ್ತಿರ ಬಂದಿದ್ದ, ಮುಂದಿನ ಭಾನುವಾರವೂ ಗೇಟು ತೆಗೆಯುತ್ತೇನೆ ಎಂದ.

ಆಮೇಲೆ ಅವಳು ಅಪ್ಪನ ಬಳಿ ಹೋದಳು. ಅಪ್ಪ ಇನ್ನೂ ಕೂತೇ ಇದ್ದ, ಹಗ್ಗ ಇನ್ನೂ ಕೈಯಲ್ಲೇ ಇತ್ತು. ಅತ್ತೆ ಅವನ ಎದುರು ಬಂಡೆಯ ಮೇಲೆ ಕೂತು, ಎಡಗೈಯಿಂದ ಹಗ್ಗ ಬಿಡಿಸಿ, ಆ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಅಣ್ಣಾ" ಎಂದಳು. "ಅರ್ಧಕ್ಕಿಂತ ಜಾಸ್ತಿ ಉಳಿದಿದೆ."

"ಗೊತ್ತು ಪುಟ್ಟಿ" ಎಂದ ಅಪ್ಪ. "ಮೇಲಿಂದ ಕಾಣ್ತಿತ್ತು."